ಹುಣಸೆಹಣ್ಣು ಹಾಕಿ ತೊಳೆದ ಗಾಡಿ

ಒಳ್ಳೆಯದನ್ನೇ ಬರೆದುಕೊಡಿ ಎಂದು ಹೇಳಿ ಹೋಗಿದ್ದಾರೆ. ಸಾರ್ ಅವರ ಹಳೆಯ ವಿದ್ಯಾರ್ಥಿಗಳು ಸೇರಿ ಒಂದು ನೆನಪಿನ ಪುಸ್ತಕ ತರುತ್ತಾರಂತೆ. ಅವರ ಮನೆಯ ಮಹಡಿಯಲ್ಲಿ ಇಷ್ಟು ವರ್ಷ ಬಾಡಿಗೆಗೆ ಇದ್ದವಳಲ್ಲವೇ, ನನ್ನದೂ ಒಂದು ಪುಟ ಇರಲಿ ಎಂದು ಅವರಲ್ಲೊಬ್ಬ ನನ್ನ ಟೈಲರಿಂಗ್ ಅಂಗಡಿಗೆ ಬಂದ. "ಆಂಟಿ, ಒಂದೇ ಪುಟ ಸಾಕು. ಸ್ವಲ್ಪ ಪಾಸಿಟಿವ್ ಆಗಿರ್ಲಿ" ಎಂದ. ಕೈಯಲ್ಲಿ ಅರ್ಧ ಹೊಲಿದ ಬ್ಲೌಸಿತ್ತು, ಹ್ಞೂಂ ಎಂದು ಕಳಿಸಿದೆ. ಬರೆಯಲು ಕೂತ ಮೇಲೆ ಇದು ಒಂದು ಪುಟಕ್ಕೆ ನಿಲ್ಲುವುದಿಲ್ಲ, ಅವನು ಕೇಳಿದ ಹಾಗೆ ಇರುವುದೂ ಇಲ್ಲ ಎಂದು ಗೊತ್ತಾಯಿತು. ಹಾಕಿಕೊಂಡರೆ ಹಾಕಿಕೊಳ್ಳಲಿ, ಬಿಟ್ಟರೆ ಬಿಡಲಿ.

ಒಳ್ಳೆಯದರಿಂದಲೇ ಶುರು ಮಾಡುತ್ತೇನೆ. ಗಂಡ ಬಿಟ್ಟುಹೋದ ಮೇಲೆ ಒಂದು ಹೊಲಿಗೆ ಮೆಷಿನ್ನು, ಒಬ್ಬಳು ಸಣ್ಣ ಮಗಳನ್ನು ಕಟ್ಟಿಕೊಂಡು ಮೂಡಲಪಾಳ್ಯದಿಂದ ಬಸವೇಶ್ವರನಗರದವರೆಗೆ ಮನೆ ಹುಡುಕಿದವಳು ನಾನು. "ಯಜಮಾನ್ರು ಎಲ್ಲಿ ಕೆಲಸ ಮಾಡ್ತಾರೆ?" ಎಂಬ ಮೊದಲ ಪ್ರಶ್ನೆಗೇ ಎಲ್ಲ ಗೇಟುಗಳೂ ಮುಚ್ಚಿಕೊಳ್ಳುತ್ತಿದ್ದವು. ಇವರು ಅದನ್ನು ಕೇಳಲಿಲ್ಲ. "ಮೆಷಿನ್ ಯಾವ ಗೋಡೆ ಪಕ್ಕ ಹಾಕ್ತೀರ?" ಎಂದರು. ತೋರಿಸಿದೆ. "ಅಲ್ಲಿ ಬೇಡ. ಬೆಳಕು ಬಲಗಡೆಯಿಂದ ಬರುತ್ತೆ, ನಿಮ್ಮ ಕೈ ನೆರಳು ಬಟ್ಟೆ ಮೇಲೇ ಬೀಳುತ್ತೆ. ಈ ಕಡೆ ಹಾಕಿ" ಎಂದರು. ಮನೆ ಕೊಟ್ಟೆ ಎಂದು ಅವರು ಹೇಳಿದ್ದೇ ಹಾಗೆ. ಗಂಡನ ವಿಷಯ ಆಮೇಲೆಯೂ ಒಂದು ದಿನ ಕೇಳಲಿಲ್ಲ. ಆ ಋಣ ನಾನು ಮರೆತಿಲ್ಲ. ಮರೆಯುವ ಹಾಗಿದ್ದಿದ್ದರೆ ಇದನ್ನು ಬರೆಯುವುದು ಇಷ್ಟು ಕಷ್ಟವಾಗುತ್ತಿರಲಿಲ್ಲ.

ಅವರು ಪಾಲಿಟೆಕ್ನಿಕ್ ಒಂದರಲ್ಲಿ ಡ್ರಾಯಿಂಗ್ ಮೇಷ್ಟ್ರು. ಹೂವು ಹಕ್ಕಿ ಬಿಡಿಸುವ ಡ್ರಾಯಿಂಗ್ ಅಲ್ಲ, ಯಂತ್ರಗಳದ್ದು. ತೆಳ್ಳಗೆ ಎತ್ತರಕ್ಕಿದ್ದರು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹಣೆಗೆ ಹಚ್ಚಿಕೊಳ್ಳುತ್ತಿದ್ದ ಮೂರು ಗೆರೆ ವಿಭೂತಿ ಕೂಡ ಸ್ಕೇಲಿಟ್ಟು ಎಳೆದ ಹಾಗೆ ಇರುತ್ತಿತ್ತು. ಏನನ್ನೇ ನೋಡಲಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಕಾಂಪೌಂಡ್ ಗೋಡೆಗೂ ಅದೇ ಒಂದು ಕಣ್ಣು, ದೋಸೆಗೂ ಅದೇ, ನನ್ನ ಮಗಳು ಬಿಟ್ಟ ರಂಗೋಲಿಗೂ ಅದೇ. ಹೋದ ಹೊಸದರಲ್ಲೇ ನನ್ನ ಅಳತೆ ಟೇಪನ್ನು ಇಸಿದುಕೊಂಡು ತಮ್ಮ ಸ್ಟೀಲ್ ಸ್ಕೇಲಿನ ಪಕ್ಕ ಮಲಗಿಸಿ ನೋಡಿದರು. "ಎಳೆದೂ ಎಳೆದೂ ಹಿಗ್ಗಿದೆ. ಇಷ್ಟು ದಿನ ನೀವು ಹೊಲಿದಿದ್ದೆಲ್ಲ ಸುಳ್ಳು ಅಳತೆ" ಎಂದರು. ಮೈಯೆಲ್ಲ ಉರಿದುಹೋಯಿತು. ಮಾರನೆಯ ದಿನ ಹೊಸ ಟೇಪ್ ತಂದೆ.

ಅವರ ಕ್ಲಾಸಿಗೆ ರಬ್ಬರ್ ತರುವ ಹಾಗಿರಲಿಲ್ಲವಂತೆ. "ಯೋಚನೆ ಮಾಡಿ ಗೆರೆ ಹಾಕೋನಿಗೆ ರಬ್ಬರ್ ಯಾಕೆ?" ಎನ್ನುತ್ತಿದ್ದರಂತೆ. ತಪ್ಪಿದರೆ ಹಾಳೆ ಹರಿದು ಮೊದಲಿನಿಂದ ಶುರು. ಈಗ ಹೊಟ್ಟೆ ಬಂದಿರುವ ಆ ವಿದ್ಯಾರ್ಥಿಗಳು ಇದನ್ನು ಹೇಳುವಾಗ ಕಣ್ಣಲ್ಲಿ ನೀರು ತಂದುಕೊಳ್ಳುತ್ತಾರೆ. ಆಗ ಬಾಯಿ ತುಂಬ ಬೈದುಕೊಂಡೇ ಇರುತ್ತಾರೆ, ನನಗೇನು ಗೊತ್ತಾಗುವುದಿಲ್ಲವೇ.

ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತೇನೆ. ದಾವಣಗೆರೆ ಕಡೆಯವರು. ಸಾರ್ ಎಷ್ಟು ಅಳೆದು ಮಾತಾಡುತ್ತಿದ್ದರೋ ಅಕ್ಕ ಅಷ್ಟು ಸುರಿದು ಮಾತಾಡುವವರು. ಮಂಡಕ್ಕಿಗೆ ಒಗ್ಗರಣೆ ಹಾಕುತ್ತಾ ಮಾತು, ಬಟ್ಟೆ ಹಿಂಡುತ್ತಾ ಮಾತು, ತುಳಸಿಗೆ ನೀರೆರೆಯುತ್ತಾ ಮಾತು. ಒಳಗಿನಿಂದ ಸಾರ್ ನಡುನಡುವೆ "ಹ್ಞೂಂ ಕಣೇ", "ಹೌದೇನೇ", "ಸಾಕು ಬಿಡೇ" ಎನ್ನುತ್ತಿದ್ದರು. ಮೇಲೆ ಮೆಷಿನ್ ತುಳಿಯುತ್ತಾ ಇದನ್ನು ಕೇಳಿಸಿಕೊಳ್ಳುವುದು ನನಗೆ ರೇಡಿಯೋ ಇದ್ದ ಹಾಗೆ ಇತ್ತು. ಗಂಡ ಹೆಂಡತಿ ಎಂದರೆ ಹೀಗೂ ಇರಬಹುದು ಎಂದು ತಿಳಿದದ್ದೇ ಆ ಮನೆಯಲ್ಲಿ.

ನಿವೃತ್ತಿಯಾದಾಗ ವಿದ್ಯಾರ್ಥಿಗಳು ಅವರಿಗೆ ಒಂದು ಮಾದರಿ ಗಾಡಿ ಕೊಟ್ಟರು. ಇನ್ನೂರೈವತ್ತು ವರ್ಷದ ಹಿಂದೆ ಫ್ರಾನ್ಸಿನಲ್ಲಿ ಫಿರಂಗಿ ಎಳೆಯಲು ಮಾಡಿದ ಆವಿಯ ಗಾಡಿಯಂತೆ ಅದು. ಕುದುರೆಯಿಲ್ಲದೆ, ಎತ್ತಿಲ್ಲದೆ ತಾನೇ ನಡೆದ ಮೊದಲ ಗಾಡಿ ಎಂದು ಸಾರ್ ಹೇಳುತ್ತಿದ್ದರು. ಮೂರು ಚಕ್ರ, ಮುಂಚಕ್ರದ ಮುಂದೆ ನೇತುಬಿದ್ದ ಹಂಡೆ. ಮೊಣಕೈಯಿಂದ ಬೆರಳ ತುದಿಯವರೆಗಿನಷ್ಟು ಉದ್ದದ ಮರದ ಮಾದರಿ. ಷೋಕೇಸಿನಲ್ಲಿಟ್ಟು ಧೂಳು ಹೊಡೆಯಬೇಕಾದ ವಸ್ತು. ಸಾರ್ ಒಂದು ಕಣ್ಣು ಮುಚ್ಚಿ ನೋಡಿದರು. ಹಂಡೆ ಬರೀ ಮರದ ತುಂಡು, ಮೇಲೆ ತಾಮ್ರದ ಬಣ್ಣ. ಪಿಸ್ಟನ್ನು ಅಲ್ಲಾಡುವುದಿಲ್ಲ. "ಇದು ಗಾಡಿ ಅಲ್ಲ, ಗೊಂಬೆ" ಎಂದರು. ಅವತ್ತಿನಿಂದ ಅದನ್ನು ಗಾಡಿ ಮಾಡುವುದೇ ಕೆಲಸವಾಯಿತು.

ಒಂದನ್ನು ಬದಲಾಯಿಸಿದರೆ ಇನ್ನೊಂದು ಹೊಂದುತ್ತಿರಲಿಲ್ಲ. ನಿಜವಾದ ಹಂಡೆ ಕೂರಿಸಿದರೆ ಮರದ ಚೌಕಟ್ಟು ಬಾಗಿತು, ಚೌಕಟ್ಟು ಗಟ್ಟಿ ಮಾಡಿದರೆ ಚಕ್ರ ತಡೆಯಲಿಲ್ಲ. ಹಿತ್ತಾಳೆ ಸಿಲಿಂಡರ್ ಎರಡು, ಪಿಸ್ಟನ್ ಇಳಿದಾಗೆಲ್ಲ ಮುಂಚಕ್ರವನ್ನು ಒಂದೊಂದು ಹಲ್ಲು ಮುಂದಕ್ಕೆ ದೂಡುವ ಕೊಕ್ಕೆ, ಕೆಳಗೆ ಸ್ಪಿರಿಟ್ ದೀಪ. ಕಾಮಾಕ್ಷಿಪಾಳ್ಯದಲ್ಲಿ ಲೋಹ ಕಡೆಯುವ ಒಬ್ಬ ಲೇತ್‌ನವನನ್ನು ಹಿಡಿದಿದ್ದರು. ಅವನು ನನ್ನ ಮುಂದೆಯೇ ಒಮ್ಮೆ ಗೋಳಾಡಿದ: "ಕಣ್ಣಿಗೆ ಕಾಣದೇ ಇರೋಷ್ಟು ಜಾಸ್ತಿ ಇದೆ, ತೆಗಿ ಅಂತಾರೆ ಮೇಡಂ. ಕಾಣದೇ ಇರೋದನ್ನ ನಾನು ಎಲ್ಲಿಂದ ತೆಗೀಲಿ?" ಅವನ ಅಂಗಡಿಗೆ ಅಕ್ಕನೂ ಜೊತೆಗೆ ಹೋಗುತ್ತಿದ್ದರು. ಮಾಗಡಿ ರಸ್ತೆಯ ಬಸ್ಸಿನಲ್ಲಿ ಬರುವಾಗ ಅಕ್ಕನ ಕೈಚೀಲದಲ್ಲಿ ಸೊಪ್ಪಿನ ಕಟ್ಟಿನ ನಡುವೆ ಸಿಲಿಂಡರ್ ಕೂತಿರುತ್ತಿತ್ತು. ಸಂಜೆ ಸಾರ್ ಬೆಸುಗೆ ಹಾಕುವಾಗ ಟಾರ್ಚ್ ಹಿಡಿಯುವವರು ಅಕ್ಕ. ಹಿಡಿದು ಹಿಡಿದು ತೋಳು ನೋವು ಎಂದು ನನ್ನ ಹತ್ತಿರ ನೀಲಗಿರಿ ಎಣ್ಣೆ ಕೇಳುವವರೂ ಅಕ್ಕನೇ.

ಫ್ರಾನ್ಸಿನ ಆ ಮೂಲ ಗಾಡಿ ಹೊರಟ ಮೊದಲ ಸಲವೇ ಗೋಡೆಗೆ ಗುದ್ದಿತ್ತು ಎಂದು ಕಥೆಯಿದೆಯಂತೆ. ಯಾರಾದರೂ ಅದನ್ನು ಹೇಳಿ ನಕ್ಕರೆ ಸಾರ್ ಮುಖ ಬಿಗಿಯುತ್ತಿತ್ತು. "ಗುದ್ದಿತು ಅಂದ್ರೆ ಓಡಿತು ಅಂತ ತಾನೇ ಅರ್ಥ?" ಎನ್ನುತ್ತಿದ್ದರು.

ಬಿಂದಿಗೆಯ ವಿಷಯ ಹೇಳಲೇಬೇಕು. ಹಂಡೆಗೆ ಒಳ್ಳೆಯ ತಾಮ್ರದ ತಗಡು ಸಿಗುತ್ತಿಲ್ಲ ಎಂದು ಸಾರ್ ತಿಂಗಳುಗಟ್ಟಲೆ ಗೊಣಗಿದರು. ಒಂದು ದಿನ ಗೊಣಗು ನಿಂತಿತು. ಅಕ್ಕ ಅಟ್ಟದಲ್ಲಿ ಏನೋ ಹುಡುಕಲು ಹೋದರೆ ತವರಿಂದ ತಂದ ತಾಮ್ರದ ಬಿಂದಿಗೆಯ ಕಂಠ ಮಾತ್ರ ಸಿಕ್ಕಿತು. ಹೊಟ್ಟೆಯ ಭಾಗ ಕತ್ತರಿಸಿ ಹೋಗಿತ್ತು. ಅವರಮ್ಮ ಬಾಣಂತನಕ್ಕೆ ನೀರು ಕಾಯಿಸಿಕೊಡುತ್ತಿದ್ದ ಬಿಂದಿಗೆಯಂತೆ. ಒಂದು ಮಾತು ಕೇಳಿರಲಿಲ್ಲ ಮಹಾರಾಯರು. ಅಕ್ಕ ಆ ದಿನ ಅತ್ತರು. ನಾನು ಮೇಲಿನಿಂದ ಇಳಿದು ಬಂದು ಪಕ್ಕದಲ್ಲಿ ಕೂತೆ. ಮಾರನೆಯ ಬೆಳಿಗ್ಗೆ ಒಳಗಿನಿಂದ ಮತ್ತೆ ಅದೇ ರೇಡಿಯೋ ಶುರುವಾಗಿತ್ತು. "ನಮ್ಮವ್ವನ ಬಿಂದಿಗೆ ಈಗ ಗಾಡಿ ಆಗೇತಿ ನೋಡ್ ತಂಗಿ, ನೀರು ಕಾಸೋದು ಮಾತ್ರ ಬಿಟ್ಟಿಲ್ಲ" ಎಂದು ನನ್ನ ಮುಂದೆ ನಕ್ಕುಬಿಟ್ಟರು. ತವರಿನ ಬಿಂದಿಗೆ ಕಳಕೊಂಡವರಿಗೆ ಕ್ಷಮಿಸಲು ಒಂದು ರಾತ್ರಿ ಸಾಕಾಯಿತು.

ಆ ವರ್ಷದ ಆಯುಧಪೂಜೆಗೆ ಗಾಡಿ ಓಡಿಸುವುದೆಂದು ನಿಶ್ಚಯವಾಯಿತು. ಹಳೆಯ ವಿದ್ಯಾರ್ಥಿಗಳನ್ನು ಊಟಕ್ಕೆ ಕರೆದರು. ಹಿಂದಿನ ಸಂಜೆ ಸೈಕಲ್ ಪಂಪಿನಿಂದ ಗಾಳಿ ಕೊಟ್ಟು ನೋಡಿದರೆ ಪಿಸ್ಟನ್ನು ಬೆಣ್ಣೆಯಲ್ಲಿ ಜಾರಿದ ಹಾಗೆ ಜಾರಿತು. ಸಾರ್ ಅಷ್ಟು ಖುಷಿಯಾಗಿದ್ದನ್ನು ನಾನು ನೋಡಿರಲಿಲ್ಲ. "ಇನ್ಮೇಲೆ ಇದನ್ನ ಗೊಂಬೆ ಅನ್ನಬೇಡ ಕಣೇ. ಇದೂ ಗಾಡಿ, ನಮ್ಮನೆ ಗಾಡಿ" ಎಂದು ಅಕ್ಕನಿಗೆ ಹೇಳಿದರು.

ಅಕ್ಕ ಆ ಮಾತನ್ನು ನಂಬಿದರು. ಆಯುಧಪೂಜೆಯ ಬೆಳಿಗ್ಗೆ ಮನೆಯ ಗಾಡಿಗಳನ್ನು ತೊಳೆಯುವುದು ಅಕ್ಕನ ಕೆಲಸ. ಸಾರ್ ಅವರ ಸ್ಕೂಟರ್ ತೊಳೆದು, ಬೇಡವೆಂದರೂ ನನ್ನ ಸ್ಕೂಟಿಯನ್ನೂ ತೊಳೆದು, ಆಮೇಲೆ ಒಳಗಿನಿಂದ ಈ ಗಾಡಿಯನ್ನೂ ತಂದರು. ಇದು ತಾಮ್ರ, ಹಿತ್ತಾಳೆ. ಹಬ್ಬಕ್ಕೆ ತಾಮ್ರ ಹಿತ್ತಾಳೆ ಬೆಳಗುವುದು ಹೇಗೆಂದು ಯಾವ ಹೆಂಗಸಿಗೂ ಹೇಳಿಕೊಡಬೇಕಿಲ್ಲ. ಹುಣಸೆಹಣ್ಣು ನೆನೆಹಾಕಿದ್ದರು. ಪಕ್ಕದ ಸೈಟಿನಲ್ಲಿ ಮನೆ ಏಳುತ್ತಿತ್ತು, ಇಟ್ಟಿಗೆ ಪುಡಿಗೆ ಬರವಿರಲಿಲ್ಲ. ಉಜ್ಜಿ ಉಜ್ಜಿ ಬೆಳಗಿ, ನಲ್ಲಿಯ ಕೆಳಗೆ ಹಿಡಿದು ತೊಳೆದು, ಒರೆಸಿ, ಮೂರು ಗೆರೆ ವಿಭೂತಿ ಎಳೆದು, ಚೆಂಡುಹೂವು ಸಿಕ್ಕಿಸಿ ತಂದಿಟ್ಟರು. ಕಾಯಿಸಿ ಕಾಯಿಸಿ ಕಪ್ಪಾಗಿದ್ದ ಹಂಡೆ ಹೊಸ ಕಾಸಿನ ಹಾಗೆ ಹೊಳೆಯುತ್ತಿತ್ತು. ಸಾರ್ ಆಗ ಸ್ನಾನಕ್ಕೆ ಹೋಗಿದ್ದರು. ಹೊರಗೆ ಬಂದವರು ಪೂಜೆಯ ಗಡಿಬಿಡಿಯಲ್ಲಿ, ಹೂವಿನ ಮರೆಯಲ್ಲಿ ಏನೂ ಗಮನಿಸಲಿಲ್ಲ.

ಎಲ್ಲರೂ ಬಂದರು. ನಿಂಬೆಹಣ್ಣು ಇಟ್ಟು ಕುಂಬಳಕಾಯಿ ಒಡೆದದ್ದಾಯಿತು. ಸಾರ್ ಹಂಡೆಗೆ ನೀರು ತುಂಬಿ ದೀಪ ಹಚ್ಚಿದರು. ನೀರು ಕುದ್ದು ಆವಿ ಸಿಲಿಂಡರಿಗೆ ಹೋಯಿತು. ಗಾಡಿ ಒಂದು ಗೇಣು ಮುಂದೆ ಬಂದು ಕಿರ್ರೆಂದು ಕಿರುಚಿ ನಿಂತುಬಿಟ್ಟಿತು. ಎಣ್ಣೆಯೆಲ್ಲ ತೊಳೆದುಹೋಗಿ ಒಳಗೆ ಇಟ್ಟಿಗೆ ಪುಡಿ ಕೂತಿತ್ತು. ಪಿಸ್ಟನ್ನೂ ಸಿಲಿಂಡರೂ ಒಂದನ್ನೊಂದು ಗೀರಿಕೊಂಡಿದ್ದವು. ಸಾರ್ ದೀಪ ಆರಿಸಿ, ಬೆರಳಿನಿಂದ ಒಂದು ಸಂದಿ ಸವರಿ, ಮೂಸಿ ನೋಡಿದರು. "ಇದನ್ನ ಯಾರು ಮುಟ್ಟಿದ್ದು?" ಎಂದು ಕೇಳಿದರು.

ಅಕ್ಕ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು. "ನಾನೇ ರೀ, ತೊಳ್ದೆ. ಹೆಂಗ್ ಹೊಳಿತೈತಿ ನೋಡ್ರಿ!" ಎಂದರು. ಹೆಮ್ಮೆಯಿಂದಲೇ ಹೇಳಿದರು. ಏನಾಗಿದೆಯೆಂದು ಅವರಿಗೆ ಇನ್ನೂ ಗೊತ್ತಾಗಿರಲಿಲ್ಲ.

ಸಾರ್ ಬೈಯಲಿಲ್ಲ. ಬೈದಿದ್ದರೆ ಅಲ್ಲಿಗೇ ಮುಗಿದುಹೋಗುತ್ತಿತ್ತು. ವಿದ್ಯಾರ್ಥಿಗಳ ಕಡೆ ತಿರುಗಿ "ಊಟ ಮಾಡ್ಕೊಂಡು ಹೋಗಿ" ಎಂದರು. ಅವತ್ತಿನಿಂದ ಹೆಂಡತಿಯ ಜೊತೆ ಮಾತು ಬಿಟ್ಟರು.

ಮೊದಮೊದಲು ಅಕ್ಕ ಇದೊಂದು ವಾರದ ಮುನಿಸು ಎಂದುಕೊಂಡರು. ಹೋಳಿಗೆ ಮಾಡಿದರು, ಶೇಂಗಾ ಚಟ್ನಿ ಕುಟ್ಟಿದರು. ಸಾರ್ ಎಲ್ಲ ತಿಂದರು. ತಟ್ಟೆ ಎಸೆದು ಸಿಟ್ಟು ತೋರಿಸುವ ಗಂಡಸರನ್ನು ನಾನು ಕಂಡಿದ್ದೇನೆ, ಒಬ್ಬನ ಜೊತೆ ಬಾಳಿಯೂ ಇದ್ದೇನೆ. ಇವರದು ಹಾಗಲ್ಲ. ಹಾಕಿದ್ದನ್ನು ಉಣ್ಣುತ್ತಿದ್ದರು, ಒಗೆದದ್ದನ್ನು ಉಡುತ್ತಿದ್ದರು. ನೀರು ಬೇಕಾದರೆ ಲೋಟವನ್ನು ಬೆರಳಿನಿಂದ ತಟ್ಟುತ್ತಿದ್ದರು, ಅಷ್ಟೇ. ಹೊರಗಿನವರು ಬಂದರೆ ನಗುನಗುತ್ತಾ ಮಾತಾಡುತ್ತಿದ್ದರು. ಹೀಗೆ ನಡೆಯುತ್ತಿದೆ ಎಂದು ಬೀದಿಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಹೇಳಲೇಬೇಕಾದದ್ದು ಇದ್ದರೆ ನನ್ನನ್ನು ಕರೆಯುತ್ತಿದ್ದರು. "ಮೇಡಂ, ನಾಳೆ ಗ್ಯಾಸ್ ಬರುತ್ತೆ ಅಂತ ಅವಳಿಗೆ ಹೇಳಿ."

"ಸಾರ್, ಅಕ್ಕ ಇಲ್ಲೇ ನಿಂತಿದಾರಲ್ಲ."

"ಗೊತ್ತು. ಹೇಳಿ."

ನಾನು ಅಕ್ಕನ ಕಡೆ ತಿರುಗಿ "ನಾಳೆ ಗ್ಯಾಸ್ ಬರುತ್ತಂತೆ" ಎನ್ನುತ್ತಿದ್ದೆ. ಅಕ್ಕ ಗಂಡನ ಮುಖ ನೋಡುತ್ತಲೇ "ಆತು ಅಂತ ಹೇಳವ್ವ" ಎನ್ನುತ್ತಿದ್ದರು. ಮದುವೆಯಾಗಿ ಹೋಗಿದ್ದ ಅವರ ಮಗಳು ಕೆಂಗೇರಿಯಿಂದ ಬಂದು ಒಂದು ಭಾನುವಾರ ಜಗಳವಾಡಿದಳು. "ಅಪ್ಪಾ, ಸಾಕು ಮಾಡಿ. ಅಮ್ಮ ಏನ್ ಬೇಕಂತ ಮಾಡಿದ್ರಾ?" ಎಂದಳು. ಸಾರ್ ಪೇಪರಿನಿಂದ ತಲೆಯೆತ್ತಲಿಲ್ಲ. ಅವಳು ಊಟ ಮಾಡದೆ ಹೋದಳು.

ಅಕ್ಕನಿಗೆ ಒಂದೇ ನಂಬಿಕೆ ಇತ್ತು. "ಸಿಟ್ಟು ನನ್ನ ಮ್ಯಾಲಲ್ಲ ತಂಗಿ, ಗಾಡಿ ನಿಂತಿದ್ದರ ಮ್ಯಾಲೆ. ಅದು ಓಡಿದ ದಿನ ತಾವೇ ಮಾತಾಡ್ತಾರೆ ಬಿಡು" ಎನ್ನುತ್ತಿದ್ದರು. ಸಾರ್ ಗಾಡಿಯನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟುತ್ತಿದ್ದರು. ಕಾಮಾಕ್ಷಿಪಾಳ್ಯಕ್ಕೆ ಈಗ ಒಬ್ಬರೇ ಹೋಗುತ್ತಿದ್ದರು, ಟಾರ್ಚನ್ನು ಕಿಟಕಿ ಸರಳಿಗೆ ಕಟ್ಟಿಕೊಂಡಿದ್ದರು. ಅಕ್ಕ ಮೆಟ್ಟಿಲಲ್ಲಿ ನನ್ನನ್ನು ಹಿಡಿದು ಸುದ್ದಿ ಕೇಳುತ್ತಿದ್ದರು. ಸಿಲಿಂಡರ್ ಆಯಿತಂತಾ? ಕೊಕ್ಕೆ ಕೂತಿತಂತಾ? ಕಾಯಿಲೆಯವರ ಸುದ್ದಿ ಕೇಳುವ ಹಾಗೆ ಕೇಳುತ್ತಿದ್ದರು. ದೇವರ ಮುಂದೆ ಕೈಮುಗಿದು ಅವರು ಬೇಡಿಕೊಳ್ಳುತ್ತಿದ್ದದ್ದು ಆ ಗಾಡಿ ಓಡಲಿ ಎಂದೇ. ನೆಂಟರ ದಾರಿ ಕಾಯುವವರ ಹಾಗೆ ಕಾದರು. ಹೀಗೇ ಎರಡು ಆಯುಧಪೂಜೆಗಳು ಕಳೆದವು. ಅಕ್ಕ ಸ್ಕೂಟರನ್ನೂ ಮುಟ್ಟಲಿಲ್ಲ.

ಕೊನೆಗೂ ಗಾಡಿ ಓಡಿತು. ಒಂದು ಮಧ್ಯಾಹ್ನ ಸಾರ್ ಲೇತ್‌ನವನನ್ನೂ ನನ್ನನ್ನೂ ಕರೆದರು. ದೀಪ ಹಚ್ಚುವ ಮುಂಚೆ "ಮೇಡಂ, ಅಡುಗೆಮನೆ ಬಾಗಿಲು ಹಾಕಿ" ಎಂದರು. ಅಕ್ಕ ಅಲ್ಲೇ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನಿಂತಿದ್ದರು. ನಾನು ಕೂತಲ್ಲೇ ಇದ್ದೆ. ಅಕ್ಕನೇ ಒಳಗಿನಿಂದ ಬಾಗಿಲು ಎಳೆದುಕೊಂಡರು.

ಚೆನ್ನಾಗಿ ಓಡಿತು, ಸುಳ್ಳು ಹೇಳಬಾರದು. ಟಕ್, ಟಕ್ ಎಂದು ಒಂದೊಂದೇ ಹಲ್ಲು ದಾಟುತ್ತಾ, ಅಂಬೆಗಾಲಿಡುವ ಮಗುವಿನ ಹಾಗೆ ಹಾಲಿನ ಈ ತುದಿಯಿಂದ ಹೋಗಿ ದಿವಾನದ ಕಾಲಿಗೆ ಗುದ್ದಿ ನಿಂತಿತು. ಲೇತ್‌ನವನು ಚಪ್ಪಾಳೆ ತಟ್ಟಿದ. ಸಾರ್ ಎರಡೂ ಕಣ್ಣು ಬಿಟ್ಟುಕೊಂಡು ನಗುತ್ತಿದ್ದರು.

ಸಂಜೆ ಅಕ್ಕ ಮೆಟ್ಟಿಲಲ್ಲಿ ಕಾಯುತ್ತಿದ್ದರು. "ಹೋಯ್ತಾ ತಂಗಿ?"

"ಹೋಯ್ತಕ್ಕ."

"ಎಲ್ಲೀಮಟ?"

"ದಿವಾನದ ತನಕ."

"ಶಿವನೇ! ಹಂಗಾರ ಇನ್ನ ಮಾತಾಡ್ತಾರೆ" ಎಂದು ನನ್ನ ಎರಡೂ ಕೈ ಹಿಡಿದುಕೊಂಡರು. ಆ ರಾತ್ರಿ ಊಟಕ್ಕೆ ಬಡಿಸಿ ಎದುರಿಗೆ ಕೂತಿದ್ದರಂತೆ. ಸಾರ್ ಲೋಟ ತಟ್ಟಿದರಂತೆ.

ಈ ವರ್ಷ ಸಾರ್‌ಗೆ ಎದೆ ಕಟ್ಟಿ ಆಸ್ಪತ್ರೆಗೆ ಸೇರಿಸಿದರು. ಅಕ್ಕ ಹಗಲೂ ರಾತ್ರಿ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು. ಅಕ್ಕ ಕಾಫಿ ತರಲು ಕೆಳಗೆ ಹೋದಾಗ ನಾನು ಕೇಳಿಯೇಬಿಟ್ಟೆ. "ಸಾರ್, ದಮ್ಮಯ್ಯ ಅಂತೀನಿ. ಒಂದು ಮಾತು ಆಡಿ. ಊಟ ಆಯ್ತಾ ಅಂತಾದ್ರೂ ಕೇಳಿ."

ಮೂಗಿನ ಮೇಲಿನ ಮಾಸ್ಕ್ ಸರಿಸಿ ಅವರು ಹೇಳಿದ್ದು ನನಗೆ ಅಕ್ಷರ ಬಿಡದೆ ನೆನಪಿದೆ. "ಈಗ ಮಾತಾಡಿದ್ರೆ ಇಷ್ಟು ದಿನ ಬಿಟ್ಟಿದ್ದು ತಪ್ಪು ಅಂತ ಆಗುತ್ತೆ, ಮೇಡಂ."

"ತಪ್ಪೇ ಅಲ್ವಾ ಸಾರ್?"

ಅವರು ಮಾಸ್ಕ್ ಹಾಕಿಕೊಂಡರು. ನನಗೆ ಆಗ ಅವರ ಮೇಲೆ ಬಂದ ಅಸಹ್ಯ ಇವತ್ತಿಗೂ ಇಳಿದಿಲ್ಲ. ಸಾಯುತ್ತಿರುವ ಮನುಷ್ಯನ ಮೇಲೆ ಹಾಗನ್ನಿಸಬಾರದು ಎನ್ನುತ್ತಾರೆ, ಅನ್ನಿಸಿತು. ಅವರು ಕೆಟ್ಟವರಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ಊರೆಲ್ಲ ಬಾಗಿಲು ಹಾಕಿದಾಗ ನನಗೆ ಬೆಳಕು ಎಲ್ಲಿಂದ ಬರುತ್ತದೆಂದು ನೋಡಿದ ಮನುಷ್ಯ ಅದೇ ಮನೆಯ ಹೆಂಗಸನ್ನು ಹೀಗೆ ಒಣಗಿಸಿದರಲ್ಲ ಎನ್ನುವುದೇ ನನಗೆ ನುಂಗಲಾಗದ್ದು. ಎರಡು ದಿನದ ಮೇಲೆ ಅವರು ಹೋದರು. ಹೋಗುವಾಗ ಅಕ್ಕ ಅವರ ಪಾದ ಒತ್ತುತ್ತಿದ್ದರು.

ನುಡಿನಮನ ಮಾಡಿದ್ದು ವಿಜಯನಗರದ ಒಂದು ಸಮುದಾಯ ಭವನದಲ್ಲಿ. ಜನ ತುಂಬಿದ್ದರು. ವೇದಿಕೆಯ ಮೇಲೆ ಸಾರ್ ಫೋಟೋ, ಅದರ ಪಕ್ಕದ ಮೇಜಿನ ಮೇಲೆ ಗಾಡಿ. ಒಬ್ಬೊಬ್ಬರೇ ಎದ್ದು ಮಾತಾಡಿದರು. ಶಿಸ್ತು ಎಂದರು, ತಾಳ್ಮೆ ಎಂದರು. ಕೆಟ್ಟ ಗಾಡಿಯನ್ನು ಬಿಡದೆ ಮತ್ತೆ ಕಟ್ಟಿ ಓಡಿಸಿದ ಛಲವನ್ನು ಹೊಗಳಿ ಒಬ್ಬ ಬಿಕ್ಕಿ ಅತ್ತ. ಇಂಥ ಸಾಧಕರ ಹಿಂದೆ ಇದ್ದ ಬಾಳಸಂಗಾತಿ ಎರಡು ಮಾತು ಆಡಬೇಕು ಎಂದು ನಿರೂಪಕ ಅಕ್ಕನನ್ನು ಕರೆದ. ಅಕ್ಕನ ಮಗಳು ಬೇಡವೆಂದು ಕೈ ಆಡಿಸಿದಳು. ಅಕ್ಕ ಆಗಲೇ ಎದ್ದಿದ್ದರು.

ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ನಂಗ ಅವ್ರ ಬಗ್ಗೆ ಏನ್ ಗೊತ್ತಿಲ್ರಿ. ನಾನು ಗಾಡಿ ತೊಳ್ದ ದಿನದಿಂದ ಅವ್ರು ನನ್ ಜೊತಿ ಮಾತಾಡಿಲ್ಲ" ಎಂದರು. ಮೊದಲ ಸಾಲಿನಲ್ಲಿ ಯಾರೋ ಫೋನ್ ಒತ್ತುವುದನ್ನು ನಿಲ್ಲಿಸಿದರು. ಅಕ್ಕನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ನಿಮ್ ಜೊತಿ ಎಲ್ಲ ಚೊಲೋ ಮಾತಾಡ್ತಿದ್ರಲ್ರಿ. ಅದ್ಕ ಕೇಳ್ತೀನಿ. ನನ್ ಬಗ್ಗೆ ಏನಾರ ಅಂದಿದ್ರಾ?"

ನಿರೂಪಕ ಕೈಚಾಚಿ ಹತ್ತಿರ ಬಂದ. ಅಕ್ಕ ಮೈಕ್ ಕೊಡಲಿಲ್ಲ. ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ ಒಬ್ಬೊಬ್ಬರ ಮುಖವನ್ನೇ ನೋಡುತ್ತಾ, ಯಾರಾದರೂ ಹೇಳುತ್ತಾರೆಂದು ನಿಂತೇ ಇದ್ದರು.